ಅಜ್ಜಿಯ ಹೆಸರಿನಲ್ಲಿ ಸಮುದ್ರದ ಗಾಳಿ

ಗೋಕರ್ಣ,
ಜನವರಿ 1934

ಮಡಿ-ಮೈಲಿಗೆಯ ಸರ್ವೋಚ್ಚ ನ್ಯಾಯಾಧೀಶರೂ ನಮ್ಮ ಧಾರವಾಡದ ಮನೆಯ ಯಜಮಾನರೂ ಆದ ತೀರ್ಥರೂಪ ಭೀಮಾಚಾರ್ಯ ಕಾಕಾ ಅವರಿಗೆ ಈ ಖೋಡಿ ಹುಡುಗನ ಸಾಷ್ಟಾಂಗ ನಮಸ್ಕಾರ.

ಅಕ್ಕ ಮತ್ತು ನಾನು ಕ್ಷೇಮವಾಗಿ ಮುಟ್ಟಿದೆವು. ಆದರೆ ತೀರಿಹೋದ ಅಜ್ಜಿ ನನ್ನ ಕನಸಿನಲ್ಲಿ ಬಂದು, ‘ಗೋಕರ್ಣದಾಗ ನನ್ನ ಶ್ರಾದ್ಧಾ ಮಾಡು, ತುಂಗಾನ್ನೂ ಕರಕೊಂಡು ಹೋಗು’ ಎಂದಳೆಂದು ನಾನು ತಮಗೆ ಹೇಳಿದ್ದು ಶುದ್ಧ ಸುಳ್ಳು.

ತುಂಗಕ್ಕನ ಕೆಮ್ಮಿಗೆ ಎರಡು ತಿಂಗಳು ಸಮುದ್ರದ ಗಾಳಿ ಬೇಕೆಂದು ಡಾಕ್ಟರು ಹೇಳಿದಾಗ ತಾವು ಏನೆಂದಿರಿ? ‘ಸಮುದ್ರದ ದಂಡಿ ಅಸ್ಥಿ ಬಿಡೂ ಜಾಗಾ. ಅಲ್ಲಿ ಗಾಳಿಗೆ ಕೂಡೂದು ಸಾಹೇಬರ ಹೆಂಡಂದಿರ ಚಟ!’ ಜೀವಂತ ಅಕ್ಕ ದೀಪಾವಳಿಯಿಂದ ಕೆಮ್ಮಿದರೂ ಜಗ್ಗದ ತಾವು, ಸತ್ತ ಅಜ್ಜಿ ಕೇಳಿದ ಮರುದಿನವೇ ಮೋಟಾರು ಗೊತ್ತು ಮಾಡಿದಿರಿ. ಭೇಷ್!

ಇಲ್ಲಿಯವರಿಗೂ ನಾವು ಸೋಜಿಗವೇ. ಅಕ್ಕ ಮರಳಿನಲ್ಲಿ ಕೂತದ್ದನ್ನು ಕಂಡು ಮೀನು ಮಾರುವ ಮುದುಕಿಯೊಬ್ಬಳು, ‘ಯಾರು ತೀರ್ಕಂಡ್ರು ಮಗಾ?’ ಎಂದಳು. ‘ಯಾರೂ ಇಲ್ರೀ, ಗಾಳಿಗೆ ಕೂತೇನಿ’ ಎಂದು ಅಕ್ಕ ಹೇಳಿದ್ದಕ್ಕೆ ಮುದುಕಿ ಬುಟ್ಟಿ ಕೆಳಗಿಟ್ಟು ನಕ್ಕಳು. ಅಕ್ಕನೂ ನಕ್ಕಳು, ಕೆಮ್ಮದೆ.

ಶ್ರಾದ್ಧ ಮಾಡಿಲ್ಲ, ಮಾಡುವುದೂ ಇಲ್ಲ. ಎರಡು ತಿಂಗಳು ಮುಗಿಯುವವರೆಗೆ ನಾವು ಬರುವುದಿಲ್ಲ. ಎಳೆದೊಯ್ಯಲು ಬಂದಿರೋ, ತಾವು ಈ ಖೋಡಿ ಹುಡುಗನ ಸುಳ್ಳು ಕನಸು ನಂಬಿ ಮೋಟಾರು ಕಳಿಸಿದಿರೆಂದು ಮಠದಲ್ಲಿ ಎಲ್ಲರೆದುರು ಸಾರುತ್ತೇನೆ.

ಅಕ್ಕ ಇವತ್ತು ತಾನಾಗಿಯೇ ರೊಟ್ಟಿ ಕೇಳಿದಳು. ಇಲ್ಲಿ ಜೋಳದ ಹಿಟ್ಟು ಸಿಗುವುದಿಲ್ಲ, ಲಗೂ ಕಳಿಸಿರಿ. ತಿನ್ನುವವಳು ಬದುಕಿದ್ದಾಳೆ.

ಇಂತಿ ತಮ್ಮ ಆಜ್ಞೆ ಮೀರಿದ ಆಜ್ಞಾಧಾರಕ,
ಬಿಂದುಮಾಧವ