ಕ್ವಾಮ್ ಮೇಷ್ಟ್ರು ಕೊಂಡ ಬಂದೂಕು ನನ್ನದು

ಈ ಜಿಲ್ಲೆಯ ಸರ್ಕಾರಿ ಅಭಿಯೋಜಕರಿಗೆ, ನಮ್ಮೂರ ಪತ್ರಿಕೆಯ ಮೂಲಕ ಬಹಿರಂಗ ಪತ್ರ,

ಮಾನ್ಯರೇ,

ಕಳೆದ ಮಾರ್ಚಿನಲ್ಲಿ ನೀವು ಡೆಲ್ಮರ್ ಕ್ವಾಮ್ ಎಂಬ ಎಪ್ಪತ್ತೊಂದು ವರ್ಷದ ಮನುಷ್ಯನನ್ನು ನ್ಯಾಯಾಲಯದಲ್ಲಿ ನಿಲ್ಲಿಸಿ, ಬಂದೂಕಿನ ಅರ್ಜಿಯಲ್ಲಿ ಸುಳ್ಳು ಬರೆದದ್ದಕ್ಕೆ ಶಿಕ್ಷೆ ಕೊಡಿಸಿದಿರಿ. ಅಭಿನಂದನೆಗಳು. ಸುಳ್ಳು ಒಂದೇ, ಅದರಲ್ಲಿ ಪಾಲುದಾರರು ಇಬ್ಬರು, ಶಿಕ್ಷೆ ಮಾತ್ರ ಒಬ್ಬರಿಗೆ. ಉಳಿದ ಪಾಲುದಾರಳು ನಾನು. ನಿಮ್ಮ ಕಚೇರಿ ನನ್ನನ್ನು ಹುಡುಕಲಿಲ್ಲ ಎಂಬುದು ನನ್ನ ದೂರು. ನಾನಾಗಿ ಬಂದು ಹೇಳಲಿಲ್ಲ ಎಂಬುದು ನನ್ನ ನಾಚಿಕೆ. ಎರಡನೆಯದೇ ದೊಡ್ಡದು. ಆದರೆ ಮೊದಲನೆಯದರಿಂದ ಶುರು ಮಾಡಿದರೆ ಬರೆಯುವುದು ಸ್ವಲ್ಪ ಸುಲಭ.

ನಾನು ಮಿನ್ನೆಸೋಟದವಳು. ಮೊಂಟಾನಾದ ಈ ಊರಿನ ಆಸ್ಪತ್ರೆಗೆ ಎಕ್ಸ್-ರೇ ತೆಗೆಯುವ ಕೆಲಸಕ್ಕೆ ಬಂದು ನಾಲ್ಕು ವರ್ಷವಾಯಿತು. ಬಂದ ಎರಡು ತಿಂಗಳೊಳಗೆ ಡ್ರೈವಿಂಗ್ ಲೈಸೆನ್ಸ್ ಇಲ್ಲಿಯದಕ್ಕೆ ಬದಲಾಯಿಸಬೇಕಿತ್ತು. ಬದಲಾಯಿಸಲಿಲ್ಲ. ಇಲ್ಲಿಯ ಕಾರ್ಡು ಕೈಗೆ ಬಂದ ದಿನವೇ ನಾನು ಅಲ್ಲಿಯ ಜಿಂಕೆ ಬೇಟೆಯ ಪರವಾನಗಿಗೆ ಹೊರರಾಜ್ಯದವಳಾಗಿಬಿಡುತ್ತೇನಲ್ಲ? ಊರು ಬಿಟ್ಟು ದುಡಿಯುವ ನಮ್ಮಂಥವರು ಬಹಳ ಜನ ಹೀಗೇ ಮಾಡುತ್ತಾರೆ. ಮೈ ಒಂದು ರಾಜ್ಯದಲ್ಲಿ, ಕಾರ್ಡು ಇನ್ನೊಂದರಲ್ಲಿ. ಇದನ್ನು ನಾವು ಮೋಸ ಎನ್ನುವುದಿಲ್ಲ, ತವರಿನ ಮೇಲಿನ ಅಭಿಮಾನ ಎನ್ನುತ್ತೇವೆ. ನಗಬೇಕಾದ ಸಂಗತಿಯೆಂದರೆ, ನಾನು ಆವರೆಗೆ ಒಂದು ಮೊಲವನ್ನೂ ಹೊಡೆದವಳಲ್ಲ. ನಮ್ಮ ಮನೆಯ ನವೆಂಬರ್ ಬೇಟೆಗೆ ಗಂಡಸರಷ್ಟೇ ಹೋಗುತ್ತಿದ್ದರು. ಎಂದಾದರೂ ನನ್ನನ್ನೂ ಕರೆದಾರು ಎಂದು ಕಾರ್ಡು ಇಟ್ಟುಕೊಂಡಿದ್ದೆ.

ಹೋದ ವರ್ಷ ಕರೆದರು. ಅಕ್ಕ ಮೈರ್ನಾ ಫೋನಿನಲ್ಲಿ ಹೇಳಿದಳು: "ಕಾಡಲ್ಲಿ ಅಪ್ಪನ ಬೇಟೆ ಅಟ್ಟಣೆ ಖಾಲಿ ಇದೆ ಕಣೇ. ಈ ಸಲ ನೀನೇ ಹತ್ತಿ ಕೂರು. ಬಂದೂಕು ಮಾತ್ರ ನಿಂದೇ ತಗೊಂಡ್ಬಾ. ನಮ್ಮನೆ ಗಂಡಸರು ಹಲ್ಲುಜ್ಜೋ ಬ್ರಷ್ ಬೇಕಾದ್ರೂ ಕೊಟ್ಟಾರು, ಬಂದೂಕು ಕೊಡಲ್ಲ."

ನೀವು ಶಿಕ್ಷೆ ಕೊಡಿಸಿದ ಮನುಷ್ಯ ಯಾರು ಎಂದು ನಿಮ್ಮ ಕಡತದಲ್ಲಿ ಇತ್ತೋ ಇಲ್ಲವೋ ತಿಳಿಯದು. ನನ್ನ ಪಕ್ಕದ ಮನೆಯವರು. ಧಾನ್ಯದ ಗೋದಾಮಿನಲ್ಲಿ ದುಡಿದು ನಿವೃತ್ತರಾದವರು. ಮೂವತ್ತೊಂದು ವರ್ಷ ಸಂಬಳವಿಲ್ಲದೆ ಈ ಊರಿಗೆ ಬೇಟೆಯ ಸುರಕ್ಷತೆಯ ಪಾಠ ಹೇಳಿದವರು. ಆ ಪಾಠ ಮುಗಿಸದೆ ನಮ್ಮಲ್ಲಿ ಯಾರಿಗೂ ಪರವಾನಗಿ ಸಿಗುವುದಿಲ್ಲ. ನಲವತ್ತರ ಒಳಗಿನ ಎಲ್ಲರಿಗೂ ಅವರು ಕ್ವಾಮ್ ಮೇಷ್ಟ್ರು. ಶಾಲೆಯ ಊಟದ ಕೋಣೆಯಲ್ಲಿ ಹನ್ನೆರಡು ವರ್ಷದ ಮಕ್ಕಳ ನಡುವೆ, ಮೊಣಕಾಲು ಮೇಜಿಗೆ ತಗುಲಿಸಿಕೊಂಡು ನಾನೂ ಕೂತೆ. ಮೊದಲ ದಿನ ಅವರು ನನ್ನ ಕೈಗೆ ಒಂದು ಬಂದೂಕು ಕೊಟ್ಟು, "ಖಾಲಿ ಇದೆ" ಎಂದರು. ನಾನು ಭುಜಕ್ಕೆ ಏರಿಸಿದೆ.

"ಖಾಲಿ ಅಂತ ಯಾರು ಹೇಳಿದ್ರು?"

"ನೀವೇ ಅಲ್ವಾ ಮೇಷ್ಟ್ರೇ?"

"ನಾನ್ಯಾರಮ್ಮ ಹೇಳೋಕೆ? ತೆಗೆದು ನೋಡು."

ಮಕ್ಕಳೆಲ್ಲ ನಕ್ಕರು. ಪರೀಕ್ಷೆಯಲ್ಲಿ ನಾನು ಎರಡನೆಯವಳಾಗಿ ಪಾಸಾದೆ, ಮೊದಲನೆಯವಳು ಪಶುವೈದ್ಯರ ಮಗಳು.

ಜೂನ್‌ನಲ್ಲಿ ಬಂದೂಕಿನ ಅಂಗಡಿಗೆ ಹೋದೆ. ಬೇಸಿಗೆಯೆಲ್ಲ ಮೇಷ್ಟ್ರ ಕಣ್ಣೆದುರೇ ಅಭ್ಯಾಸ ಮಾಡಿ ನವೆಂಬರಿಗೆ ಊರಿಗೆ ಒಯ್ಯುವುದು ನನ್ನ ಲೆಕ್ಕಾಚಾರ. ವಾಲ್ನಟ್ ಮರದ ಹಿಡಿಯ ಒಂದು ರೈಫಲ್ ಮೊದಲ ನೋಟಕ್ಕೇ ಹಿಡಿಸಿತು. ಅಂಗಡಿಯಾತ ನನ್ನ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದ.

"ಕಾರ್ಡು ಮಿನ್ನೆಸೋಟದ್ದು. ನೀವಿರೋದೆಲ್ಲಿ ಮೇಡಂ?"

"ಇಲ್ಲೇ."

"ಇಲ್ಲೇ ಆದ್ರೆ ಇಲ್ಲಿಯ ಕಾರ್ಡು ತನ್ನಿ."

"ಹಾಗಾದ್ರೆ ಅಲ್ಲಿ ಅಂತಾನೇ ಬರ್ಕೊಳ್ಳಿ."

"ಅಲ್ಲಿ ಆದ್ರೆ ನಮ್ಮ ಯಜಮಾನ್ರು ಕೊಡಲ್ಲ. ಬೇಟೆ ಬಂದೂಕು ಹೊರಗಿನವರಿಗೂ ಕೊಡಬಹುದು ಅನ್ನುತ್ತೆ ಕಾನೂನು. ಯಜಮಾನ್ರು ಬೇಡ ಅಂತಾರೆ. ನನಗೆ ಸಂಬಳ ಕೊಡೋದು ಕಾನೂನಲ್ಲ."

ಇಲ್ಲಿ ನಾನು ನಿಮ್ಮ ನಿಯಮಗಳನ್ನು ಗೇಲಿ ಮಾಡಬೇಕೆಂದಿದ್ದೆ. ಒಬ್ಬಳು ಯಾವ ರಾಜ್ಯದವಳು ಎಂಬುದನ್ನು ಒಂದು ಪ್ಲಾಸ್ಟಿಕ್ ಚೂರು ತೀರ್ಮಾನಿಸಬೇಕೇ? ಊರಿನಿಂದ ದೂರ ಇರುವವರಿಗೆ ಊರೇ ಇಲ್ಲವೇ? ಇಂಥ ಪ್ರಶ್ನೆಗಳನ್ನು ಎರಡು ಪುಟ ಬರೆದೂ ಇದ್ದೆ. ಹರಿದು ಹಾಕಿದೆ. ನಲವತ್ತು ಮೈಲಿ ದೂರದ ಕಚೇರಿಗೆ ಹೋಗಿ ಅರ್ಧ ದಿನ ಕೂತಿದ್ದರೆ ಹೊಸ ಕಾರ್ಡಿನ ದಾರಿಯಾಗುತ್ತಿತ್ತು. ಬಂದೂಕು ಸಿಗುತ್ತಿತ್ತು. ಅಕ್ಕನ ಬಳಿಗೆ ಹೊರರಾಜ್ಯದವಳಾಗಿ, ಹೆಚ್ಚು ಶುಲ್ಕ ಕಟ್ಟಿ ಹೋಗಬೇಕಾಗಿತ್ತು, ಅಷ್ಟೇ. ಕಾನೂನು ನನಗೆ ಅಡ್ಡ ಬರಲಿಲ್ಲ ಮಾನ್ಯರೇ. ಎರಡೂ ಕಡೆಯವಳಾಗಿ ಉಳಿಯಬೇಕೆಂಬ ನನ್ನ ಆಸೆ ಅಡ್ಡ ಬಂತು.

ಆ ಸಂಜೆಯೇ ಮೇಷ್ಟ್ರ ಮನೆಯ ಜಗಲಿಯಲ್ಲಿ ಕೂತು, "ದುಡ್ಡು ನಾನು ಕೊಡ್ತೀನಿ, ನೀವೇ ತಗೊಂಡು ನನಗೆ ಕೊಟ್ಬಿಡಿ" ಎಂದೆ.

"ಅದು ಸರಿಯಲ್ಲಮ್ಮ. ಯಾರಿಗೆ ಬಂದೂಕು ಅಂತ ಅರ್ಜೀಲಿ ಕೇಳ್ತಾರೆ."

"ಉಡುಗೊರೆ ಅಂದ್ಕೊಳ್ಳಿ."

"ಉಡುಗೊರೆಗೆ ನಿನ್ನ ದುಡ್ಡು ಯಾಕೆ ತಗೊಳ್ಳಲಿ?"

ವಾದದಲ್ಲಿ ಸೋತಾಗ ನಾನು ಮಾಡುವುದನ್ನೇ ಮಾಡಿದೆ, ಮುಖ ಊದಿಸಿಕೊಂಡು ಎದ್ದೆ. "ಬಿಡಿ. ನಮ್ಮ ಊರಿನ ಗಂಡಸರೂ ಹೀಗೇ. ಹೆಣ್ಣು ಕೇಳಿದ್ರೆ ಏನಾದ್ರೂ ಒಂದು ನೆಪ" ಎಂದೆ. ಇಡೀ ತಾಲೂಕಿನ ಹೆಣ್ಣುಮಕ್ಕಳಿಗೆ ಬಂದೂಕು ಹಿಡಿಯಲು ಕಲಿಸಿದ ಮನುಷ್ಯನಿಗೆ ಆ ಮಾತು ಹೇಳಿದೆ. ಅದು ಎಲ್ಲಿ ತಾಗುತ್ತದೆ ಎಂದು ಗೊತ್ತಿದ್ದೇ ಹೇಳಿದೆ. ಮರುದಿನ ಅವರೊಬ್ಬರೇ ಅಂಗಡಿಗೆ ಹೋದರು. 'ಈ ಬಂದೂಕಿನ ನಿಜವಾದ ಖರೀದಿದಾರರು ನೀವೇ ಏನು?' ಎಂಬ ಪ್ರಶ್ನೆಯ ಮುಂದೆ 'ಹೌದು' ಎಂದು ಗುರುತು ಹಾಕಿದರು. ನಿಮ್ಮ ಇಡೀ ಮೊಕದ್ದಮೆ ನಿಂತದ್ದು ಆ ಒಂದು ಗುರುತಿನ ಮೇಲೆ. ಕೈ ಅವರದು, ಹಾಕಿಸಿದವಳು ನಾನು.

ಸೆಪ್ಟೆಂಬರಿನಲ್ಲಿ ಆಸ್ಪತ್ರೆಯ ಅಂಗಳದಲ್ಲಿ ನನ್ನ ಪಿಕಪ್ಪಿನ ಗಾಜು ಒಡೆದು ಆ ರೈಫಲನ್ನು ಯಾರೋ ಕದ್ದರು. ಗಾಡಿಯಲ್ಲಿ ಬಂದೂಕು ಬಿಟ್ಟು ಹೋಗಬಾರದು ಎಂಬುದು ನಾನು ಪಾಸಾದ ಪರೀಕ್ಷೆಯಲ್ಲೇ ಇದ್ದ ಪಾಠ.

"ಪೊಲೀಸಿಗೆ ಹೇಳಿದ್ಯಾ?" ಮೇಷ್ಟ್ರು ಕೇಳಿದರು.

"ಯಾರ ಹೆಸರಲ್ಲಿ ಹೇಳ್ಲಿ?"

ಇಬ್ಬರೂ ಪೊಲೀಸಿಗೆ ಹೋಗಲಿಲ್ಲ. ಎರಡು ತಿಂಗಳ ನಂತರ ಪಕ್ಕದ ರಾಜ್ಯದಲ್ಲಿ ಕಳ್ಳನೊಬ್ಬ ಅದರೊಂದಿಗೆ ಸಿಕ್ಕಿಬಿದ್ದ. ಬಂದೂಕಿನ ನಂಬರು ಹಿಡಿದು ನಿಮ್ಮ ತನಿಖಾಧಿಕಾರಿ ಮೇಷ್ಟ್ರ ಮನೆ ಬಾಗಿಲಿಗೆ ಬಂದರು.

ಆಗ ನಾನು ಅದೇ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ಹೌದು ಮಾನ್ಯರೇ. ಕಂಡುಹಿಡಿಯಲಾಗಲಿಲ್ಲ ಎಂದು ನೀವು ಕಡತದಲ್ಲಿ ಬರೆದ ಆ ಎರಡನೆಯ ವ್ಯಕ್ತಿ, ನಿಮ್ಮ ಅಧಿಕಾರಿಗೆ ಸಕ್ಕರೆ ಡಬ್ಬಿ ಸರಿಸಿಕೊಟ್ಟಳು. "ಇವರು?" ಎಂದು ಅವರು ಕೇಳಿದರು. "ಪಕ್ಕದ ಮನೆಯವರು" ಎಂದರು ಮೇಷ್ಟ್ರು. ನಾನು ತಲೆಯಾಡಿಸಿದೆ.

"ಕಳ್ಳತನ ಆಗಿದ್ದು ಯಾಕೆ ತಿಳಿಸಲಿಲ್ಲ?"

"ಅದು ನಂದಲ್ಲ ಸಾರ್. ಬೇರೆಯವರ ದುಡ್ಡಲ್ಲಿ ಬೇರೆಯವರಿಗೆ ಅಂತ ತಗೊಂಡೆ. ತಪ್ಪು ಮಾಡಿದೆ."

"ಯಾರಿಗೆ?"

"ಅದನ್ನ ಹೇಳಲ್ಲ."

ಮೇಷ್ಟ್ರ ಹೆಂಡತಿ ಅರ್ಲೀನ್ ಒಲೆಯ ಕಡೆ ಮುಖ ಮಾಡಿ ನಿಂತಿದ್ದರು. ನನ್ನ ಬಾಯಿಂದ ಒಂದು ಮಾತು ಹೊರಟಿದ್ದರೆ ಸಾಕಿತ್ತು. ಕಾಫಿ ಆರುವವರೆಗೂ ಹೊರಡಲಿಲ್ಲ. ಅಧಿಕಾರಿ ಹೋದಮೇಲೆ ಮೇಷ್ಟ್ರೇ ನನ್ನನ್ನು ಸಮಾಧಾನ ಮಾಡಿದರು. "ಅಪರಾಧಿ ಅಂತಾದ್ರೆ ನಿನ್ನ ಆಸ್ಪತ್ರೆ ಕೆಲಸ ಹೋಗುತ್ತೆ. ನಾನು ರಿಟೈರಾದವನು, ನನಗೆ ಹೋಗೋಕೆ ಏನಿದೆ?" ನಾನು ಆ ಮಾತನ್ನು ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು.

ಏನೇನು ಹೋಯಿತು ಎಂದು ನಿಮಗೆ ಗೊತ್ತಿರಬೇಕು. ಸಾಯುವವರೆಗೂ ಅವರು ಬಂದೂಕು ಮುಟ್ಟುವಂತಿಲ್ಲ. ಪಾಠ ಹೇಳುವಂತಿಲ್ಲ. ಮನೆಯಲ್ಲೂ ಬಂದೂಕು ಇರುವಂತಿಲ್ಲವಾದ್ದರಿಂದ ಅರ್ಲೀನ್ ತಮ್ಮ ಫೆಸೆಂಟ್ ಹಕ್ಕಿ ಹೊಡೆಯುವ ಬಂದೂಕನ್ನೂ ತಮ್ಮನ ಮನೆಗೆ ಸಾಗಿಸಿದರು. ಇವೆಲ್ಲಕ್ಕಿಂತ ಕೆಟ್ಟದ್ದು ಊರಿನ ಬಾಯಿ. ಕಿರಾಣಿ ಅಂಗಡಿಯ ಸಾಲಿನಲ್ಲಿ ನನ್ನ ಹಿಂದೆ ನಿಂತವನೊಬ್ಬ, ಮೇಷ್ಟ್ರ ಶಿಷ್ಯನೇ, "ಮುದುಕ ಕಳ್ಳರಿಗೆ ಬಂದೂಕು ಮಾರ್ತಿದ್ನಂತೆ" ಎಂದ. ನಾನು ಹಾಲು, ಬ್ರೆಡ್ಡು ಚೀಲಕ್ಕೆ ತುಂಬಿಕೊಂಡು ಹೊರಗೆ ಬಂದೆ. ಆ ಸಂಜೆ ಮೇಷ್ಟ್ರ ಮನೆಗೆ ಸೇಬಿನ ಪೈ ಮಾಡಿಕೊಂಡು ಹೋದೆ. ಮಾರ್ಚಿನಿಂದಲೂ ಹೀಗೇ, ವಾರಕ್ಕೊಂದು ಪೈ. ಕಳೆದ ವಾರ ಅರ್ಲೀನ್ ತಟ್ಟೆಯನ್ನು ಬಾಗಿಲಲ್ಲೇ ಹಿಂದಿರುಗಿಸಿದರು. "ಸಾಕು ಬ್ರಿಟಾ. ಇನ್ನು ನುಂಗೋಕಾಗಲ್ಲ" ಎಂದರು. ದನಿ ಏರಿಸಲೂ ಇಲ್ಲ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಸೋಮವಾರ ಬೆಳಿಗ್ಗೆ ನಿಮ್ಮ ಕಚೇರಿಗೆ ಬರುತ್ತೇನೆ. ನನ್ನ ಹೇಳಿಕೆ ಬರೆದುಕೊಳ್ಳಿ, ನನ್ನ ಮೇಲೆ ಮೊಕದ್ದಮೆ ಹೂಡಿ. ನನಗೆ ಶಿಕ್ಷೆಯಾದರೆ ಅವರ ಶಿಕ್ಷೆ ಇಳಿಯುವುದಿಲ್ಲ ಎಂದು ಬಲ್ಲೆ. ಅವರು ಬರೆದದ್ದು ಸುಳ್ಳೇ. ಆದರೆ ಅವರ ಅಪರಾಧವನ್ನು ಪ್ರಕಟಿಸಿದ ಇದೇ ಪತ್ರಿಕೆಯಲ್ಲಿ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ, ಡೆಲ್ಮರ್ ಕ್ವಾಮ್ ಯಾವ ಕಳ್ಳನಿಗೂ ಬಂದೂಕು ಕೊಟ್ಟವರಲ್ಲ ಎಂದು ನಿಮ್ಮ ಸಹಿಯೊಂದಿಗೆ ಹೇಳಿ. ನನ್ನ ಮಾತನ್ನು ಈ ಊರು ಇನ್ನು ನಂಬಬೇಕಾಗಿಲ್ಲ. ನಿಮ್ಮದನ್ನು ನಂಬುತ್ತದೆ.

ಈ ಪತ್ರವನ್ನು ಇವತ್ತು ಅವರಿಬ್ಬರ ಮುಂದೆ ಓದಿದೆ. ಮೇಷ್ಟ್ರು ಎರಡು ಸಲ "ಬೇಡಮ್ಮ" ಎಂದರು. ಅರ್ಲೀನ್ ಕನ್ನಡಕ ತೆಗೆದು ಒರೆಸಿಕೊಂಡು, "ಕಳಿಸು" ಎಂದರು.

ಇಂತಿ,
ಒಂದು ವರ್ಷ ತಡವಾಗಿ ಬಾಯಿ ಬಿಟ್ಟ,
ಬ್ರಿಟಾ ಸುಂಡೀನ್