ಅಕ್ಕ ಒಪ್ಪಿದ ಅಪ್‌ಡೇಟ್

ನವೆಂಬರ್ ೧೪, ಗುರುವಾರ

ಅಕ್ಕನೂ ನಾನೂ ಫೋಟೊ ಇಡಲು ಹಂಚಿಕೊಂಡಿದ್ದ ಕ್ಲೌಡ್ ಇವತ್ತೂ ಅಪ್‌ಡೇಟ್ ಕೇಳಿತು. ಒಪ್ಪಿದರೆ ವರ್ಷದಿಂದ ಬಳಸದ ಖಾತೆಗಳು ಅಳಿಸಿಹೋಗುತ್ತವಂತೆ. ಅಕ್ಕ ತೀರಿಕೊಂಡು ಹದಿನಾಲ್ಕು ತಿಂಗಳು. ರೆಕಾರ್ಡಾದ ಅವಳ ದನಿ ಉಳಿದಿರುವುದು ಅವಳ ಖಾತೆಯಲ್ಲಿ ಮಾತ್ರ. ಅದಕ್ಕೇ ದಿನವೂ ‘ಆಮೇಲೆ’ ಒತ್ತಿ ಸಾಗಹಾಕುತ್ತಿದ್ದೆ.

ಸಂಜೆ ಹೊಸ ಸಾಲೊಂದು ಬಂತು: ‘ಅಕ್ಕ ಅಪ್‌ಡೇಟ್ ಒಪ್ಪಿದ್ದಾರೆ. ನಿಮ್ಮ ಒಪ್ಪಿಗೆ ಬಾಕಿಯಿದೆ.’

ಭಾವನಿಗೆ ಫೋನ್ ಮಾಡಿದೆ.

“ಅಕ್ಕನ ಫೋನ್ ಯಾರಾದ್ರೂ ಮುಟ್ಟಿದ್ರಾ?”

“ಅವಳ ಕೈಯಲ್ಲೇ ಇಟ್ಟು ಮಣ್ಣು ಮಾಡಿದ್ವಲ್ಲ, ಮರ್ತ್‌ಬಿಟ್ಯಾ?”

ಮರೆತಿರಲಿಲ್ಲ. ಬೇರೆ ಉತ್ತರ ಸಿಗಲಿ ಎಂದು ಕೇಳಿದ್ದೆ.

ಕಾಯಿಸಿದರೆ ಅಕ್ಕನಿಗೆ ಎಲ್ಲಿಲ್ಲದ ಸಿಟ್ಟು. ಊಟವಾದ ಮೇಲೆ, ಕಣ್ಣುಮುಚ್ಚಿ, ಒಪ್ಪಿಗೆ ಒತ್ತಿಬಿಟ್ಟೆ. ಫೋನನ್ನು ಅಡುಗೆಮನೆಯಲ್ಲೇ ಬಿಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ.

ಅಲ್ಲಿ ಅದು ಒಂದೇ ಸಮನೆ ಗುಂಯ್‌ಗುಡುತ್ತಿದೆ. ಎದ್ದು ಹೋಗಿ ನೋಡಬೇಕು. ಇನ್ನೊಂದು ಸಾಲು ಬರೆದು ಏಳೋಣವೆಂದರೆ, ಅಡುಗೆಮನೆಯಿಂದ ಅಕ್ಕನ ದನಿ—