ಆರಾಮ ಇದ್ದವರ ಪಟ್ಟಿ

ನವಲಗುಂದ
೧೪ ಜುಲೈ ೨೦೨೪

ಮುದ್ದಿನ ಶಿವಾನಿಗೆ ಅವ್ವನ ಆಶೀರ್ವಾದ.

ಉತ್ತರಕ್ಕೆ ಹನ್ನೆರಡು ದಿನ ಹಿಡಿಯಿತು, ಸಿಟ್ಟಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಸದಾ ಗಡಿಬಿಡಿ.

ನಿನ್ನ ಕೀಲುಬೇನೆಯ ಸಂಶೋಧನೆಗೆ ಆರೋಗ್ಯವಂತರೆಂದು ನಮ್ಮ ಓಣಿಯ ಇಪ್ಪತ್ತೆರಡು ಜನರ ರಕ್ತ ಒಯ್ದೆಯಲ್ಲ, ಅದರಲ್ಲಿ ಕೆಲವು ರೋಗಿಗಳ ರಕ್ತದಂತಿವೆ, ಟ್ಯೂಬು ಅದಲುಬದಲಾಗಿದ್ದರೆ ವರ್ಷದ ಕೆಲಸ ನೀರುಪಾಲು ಎಂದು ನಿಮ್ಮ ಗೈಡ್ ಅಂದದ್ದು ನನ್ನ ತಲೆಯಲ್ಲೇ ಕೂತಿತ್ತು. ಯಾರವೆಂದು ನೀನು ಹೇಳುವಂತಿಲ್ಲ, ಸರಿ. ಅಂಗನವಾಡಿ ಮುಗಿಸಿ ದಿನಾ ಒಂದೆರಡು ಮನೆಯಂತೆ ಎಲ್ಲ ಮನೆಗೂ ಹೋಗಿಬಂದೆ.

ಟ್ಯೂಬು ಅದಲುಬದಲಾಗಿಲ್ಲ. ಸುಳ್ಳು ಹೇಳಿದವರು ನಾವು.

ಜಮಖಾನ ನೇಯುವ ಜುಲೇಖಾಬಿ, ‘ನನ್ನ ಹೆಸರು ಬರಿ, ಏನಾಗೂದಿಲ್ಲ’ ಎಂದು ಹೇಳಿಯೇ ಬಾಯಿಬಿಟ್ಟಳು. ‘ಆರಾಮ ಇದ್ದವ್ರು ಬೇಕಾಗ್ಯಾರ ಅಂತ ನಿನ್ನ ಮಗಳು ಹುಡುಕ್ಕೋತ ಬಂದಿದ್ಲು. ಬರಿಗೈಲೆ ಹೆಂಗ ಕಳಸೂದು ಸಣ್ಣವ್ವಾ? ಅಗದಿ ಆರಾಮ ಅದೀನಿ ಅಂದ್ನಿ.’ ಬೆಳಿಗ್ಗೆ ಎದ್ದರೆ ಅವಳ ಬೆರಳು ಮಡಚುವುದಿಲ್ಲವಂತೆ! ನಿನಗೆ ಉಪಕಾರ ಮಾಡಲೆಂದು ಆರೋಗ್ಯವಂತಳಾದಳು. ಭೀಮಶಿ ಕಾಕಾನದೂ ಅದೇ ಕಥೆ. ನೋವಿನ ಗುಳಿಗೆ ನುಂಗುವುದು ಅವನ ಹೆಂಡತಿಗೂ ಗೊತ್ತಿರಲಿಲ್ಲ, ನನ್ನೆದುರೇ ಬೈಸಿಕೊಂಡ. ಸೋಮವಾರ ಇಬ್ಬರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ.

ಇನ್ನೊಂದು ಕೇಳುವುದಿತ್ತು. ಈ ರೋಗದಲ್ಲಿ ಮೈಯ ಕಾವಲು ಪಡೆ ತನ್ನ ಕೀಲನ್ನೇ ವೈರಿ ಎಂದು ತಿಳಿಯುತ್ತದೆ ಅಂದಿದ್ದೆ. ತನ್ನದು ಯಾವುದು, ಬೇರೆಯದು ಯಾವುದು ಎಂದು ಆ ಪಡೆಗೆ ಮೊದಲು ಕಲಿಸುವವರು ಯಾರು? ನಮ್ಮ ಅಂಗನವಾಡಿ ಮಕ್ಕಳಿಗೆ ತಮ್ಮ ಚೀಲ ಗುರುತಿಸಲು ಕಲಿಸುವುದರೊಳಗೆ ನನಗೆ ಸಾಕುಸಾಕಾಗುತ್ತದೆ. ಅದಕ್ಕೂ ಒಂದು ಸಾಲಿಮನಿ ಐತೇನು? ಮರೆಯದೆ ಬರಿ.

ಇನ್ನೊಮ್ಮೆ ಬಂದಾಗ ರೋಗ ಇದೆಯೇ ಎಂದು ಕೇಳಬೇಡ. ಯಾವ ಕೆಲಸ ಮಾಡುವುದು ಬಿಟ್ಟಿರಿ ಎಂದು ಕೇಳು. ಅದಕ್ಕೆ ಯಾರೂ ಸುಳ್ಳು ಹೇಳಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಓದು ದಡ ಮುಟ್ಟಲಿ.

ನಿನ್ನ ಅವ್ವ,
ಸಣ್ಣವ್ವ

ತಾ.ಕ.: ರಕ್ತ ಒಯ್ದ ದಿನ ನೀನು ಎಲ್ಲರನ್ನೂ ಕೂರಿಸಿಕೊಂಡು ಕೇಳಿದೆ. ನನ್ನ ಸರದಿ ಬಂದಾಗ ‘ನಿಂದೇನ್ ಕೇಳೂದು ಬೇ, ಗೊತ್ತೈತಲ್ಲ’ ಎಂದು ನಕ್ಕು, ನೀನೇ ಆರೋಗ್ಯವಂತಳೆಂದು ಬರೆದುಕೊಂಡೆ. ನಾನು ರೊಟ್ಟಿ ಬಡಿಯುವುದು ಬಿಟ್ಟು ಎರಡು ವರ್ಷವಾಯಿತು ಶಿವಾನಿ. ಅಂಗಡಿಯಿಂದ ತರುತ್ತೇನೆ. ಯುಗಾದಿಗೆ ಬಂದಾಗ ನೀನು ಅದನ್ನೇ ಉಂಡು, ‘ನಿನ್ನ ಕೈರುಚಿ ಎಲ್ಲೂ ಸಿಗೂದಿಲ್ಲ ಬೇ’ ಅಂದೆ.